ಎದುರಾಳಿಯಿಲ್ಲದ ವಿದ್ಯೆ

ಪಂದ್ಯದ ಟೇಕ್ವಾಂಡೊ ಬರೀ ಆಟ, ಅಸಲಿ ವಿದ್ಯೆ ಇರುವುದು ಸಂಪ್ರದಾಯದ ತರಬೇತಿಯಲ್ಲಿ ಎಂದು ಕುಂದಾಪುರದಿಂದ ಬೈಂದೂರಿನವರೆಗೆ ಹೇಳದ ಮಾಸ್ಟ್ರು ಕಡಿಮೆ. ಒಲಿಂಪಿಕ್ಸ್ ಬಂತು, ಪಾಯಿಂಟು ಬಂತು, ಮೆಡಲು ಬಂತು, ವಿದ್ಯೆ ಹಾಳಾಯಿತು ಎನ್ನುವುದು ಅದೇ ಮಾತಿನ ಮುಂದಿನ ಭಾಗ. ಶಾಲೆಯ ಜಗಲಿಗೋ ದೇವಸ್ಥಾನದ ಸಭಾಭವನಕ್ಕೋ ಸಂಜೆ ಮಕ್ಕಳನ್ನು ಬಿಡಲು ಬರುವ ಹೆತ್ತವರೂ ಇದನ್ನು ಒಪ್ಪಿಕೊಂಡೇ ಬಂದಿರುತ್ತಾರೆ. ‘ಮೆಡ್ಲಿನ್ ಆಟ ಬ್ಯಾಡ ಮಾಸ್ಟ್ರೆ, ಹೆಣ್ಣ್ ತನ್ನ್ ತಾನ್ ಕಾಯ್ಕಣ್ಕ್, ಅಷ್ಟ್ ಕಲ್ಸಿ, ಸಾಕ್’ ಎನ್ನುವ ಧಾಟಿಯ ಮಾತು ಮರವಂತೆ, ತ್ರಾಸಿ, ನಾವುಂದದ ಕಡೆ ಹೊಸದೇನಲ್ಲ. ಆ ತಾಯಂದಿರ ಆತಂಕ ನಿಜ. ಅದಕ್ಕೆ ಕೊಡುತ್ತಿರುವ ಮದ್ದು ಮಾತ್ರ ಸುಳ್ಳು.

ನಮ್ಮ ಕರಾವಳಿಯಲ್ಲಿ ಟೇಕ್ವಾಂಡೊಗಿಂತ ಕರಾಟೆಯ ಬೋರ್ಡುಗಳೇ ಹೆಚ್ಚು. ನಾನು ಇಲ್ಲಿ ಹೇಳುವುದರಲ್ಲಿ ಬಹುಪಾಲು ಕರಾಟೆಗೂ ಸಲ್ಲುತ್ತದೆ. ಆದರೆ ಟೇಕ್ವಾಂಡೊದಲ್ಲಿ ಈ ಜಗಳ ಹೆಚ್ಚು ನಿಚ್ಚಳವಾಗಿದೆ, ಏಕೆಂದರೆ ಅದು 2000ದ ಸಿಡ್ನಿಯಿಂದ ಒಲಿಂಪಿಕ್ಸ್‌ನ ಪೂರ್ಣ ಪದಕದ ಕ್ರೀಡೆ. ಹಾಗಾಗಿ ‘ಆಟ’ ಎಂಬ ದೂರು ಅದರ ಮೇಲೆ ಬೀಳುವಷ್ಟು ಬೇರೆ ಯಾವ ಸಮರಕಲೆಯ ಮೇಲೂ ಬೀಳುವುದಿಲ್ಲ.

ಮೊದಲು ಈ ಸಂಪ್ರದಾಯ ಎಷ್ಟು ಹಳೆಯದು ಎಂದು ನೋಡೋಣ. ಮಕ್ಕಳಿಗೆ ಹೇಳುವ ಕಥೆ ಎರಡು ಸಾವಿರ ವರ್ಷದ್ದು. ಕೊರಿಯಾದ ಶಿಲ್ಲಾ ರಾಜ್ಯದ ಹ್ವಾರಾಂಗ್ ಯೋಧರು ಅದರಲ್ಲಿ ಬರುತ್ತಾರೆ. ನಮ್ಮ ಕಡೆ ಅದರ ಹಿಂದೆ ಕಾಂಚಿಯಿಂದ ಹೋದ ಬೋಧಿಧರ್ಮನನ್ನೂ ಸೇರಿಸಿಕೊಳ್ಳುತ್ತೇವೆ. ದಾಖಲೆಯಲ್ಲಿರುವುದು ಬೇರೆ. ಲೀ ವೊನ್ ಕುಕ್ ಜಪಾನಿನಲ್ಲಿ ಫುನಾಕೋಶಿ ಗಿಚಿನ್ ಅವರ ಬಳಿ ಶೋಟೊಕಾನ್ ಕರಾಟೆ ಕಲಿತು, ಜಪಾನಿನ ಆಳ್ವಿಕೆ ಇನ್ನೂ ಮುಗಿಯದ 1944ರಲ್ಲಿ ಸೋಲ್ ನಗರದಲ್ಲಿ ಚುಂಗ್ ದೊ ಕ್ವಾನ್ ಎಂಬ ಶಾಲೆ ತೆರೆದರು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಅಂಥ ಇನ್ನೂ ಕೆಲವು ಶಾಲೆಗಳು ಹುಟ್ಟಿದವು. ಅಲ್ಲಿ ಕಲಿಸುತ್ತಿದ್ದ ವರಸೆಗಳಲ್ಲಿ ಅನೇಕವು ಕರಾಟೆಯ ಕಟಾಗಳೇ, ಉಚ್ಚಾರ ಮಾತ್ರ ಕೊರಿಯನ್. ಟೇಕ್ವಾಂಡೊ ಎಂಬ ಹೆಸರು 1955ರದು. ಅದನ್ನು ಮುಂದಿಟ್ಟ ಸೇನಾಧಿಕಾರಿ ಚೊಯ್ ಹಾಂಗ್ ಹಿ ಕೂಡ ಓದುವ ವಯಸ್ಸಿನಲ್ಲಿ ಜಪಾನಿನಲ್ಲಿ ಕರಾಟೆ ಕಲಿತವರು. ಮೂವತ್ತೈದು ವರ್ಷ ಪರರ ಆಳ್ವಿಕೆಯಲ್ಲಿ ನರಳಿದ ಜನ ತಮ್ಮದೇ ಬೇರು ಹುಡುಕಿಕೊಂಡಿದ್ದು ಸಹಜ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಆ ಕಥೆಯನ್ನು ಹಿಡಿದುಕೊಂಡು ‘ಇದು ಪುರಾತನ, ಅದು ನಿನ್ನೆ ಮೊನ್ನೆಯ ಆಟ’ ಎಂದು ಮರವಂತೆಯ ಮಗುವಿಗೆ ಹೇಳುವುದು ಸರಿಯಲ್ಲ.

ಕೊರಿಯಾದ ರಾಷ್ಟ್ರೀಯ ಕ್ರೀಡಾಕೂಟಕ್ಕೆ ಈ ಕಲೆ ಕಾಲಿಟ್ಟಿದ್ದು 1960ರ ದಶಕದ ಆರಂಭದಲ್ಲಿ. ನಮ್ಮ ಮಕ್ಕಳು ಇವತ್ತು ಬೆಲ್ಟ್ ಟೆಸ್ಟಿಗೆ ಮಾಡುವ ತೇಗುಕ್ ಪೂಮ್ಸೆಗಳನ್ನು, ಅಂದರೆ ವರಸೆಗಳನ್ನು, ಜೋಡಿಸಿದ್ದು 1970ರ ದಶಕದ ಆರಂಭದಲ್ಲಿ. ಟೇಕ್ವಾಂಡೊದ ಕೇಂದ್ರವಾದ ಕುಕ್ಕಿವಾನ್ ಕಟ್ಟಡ ಬಾಗಿಲು ತೆರೆದದ್ದು 1972ರಲ್ಲಿ, ಮೊದಲ ವಿಶ್ವ ಚಾಂಪಿಯನ್‌ಷಿಪ್ ಅಲ್ಲಿಯೇ ನಡೆದದ್ದು 1973ರಲ್ಲಿ. ಅಂದರೆ ಇವತ್ತಿನ ಈ ‘ಸಂಪ್ರದಾಯ’ದ ವರಸೆಗಳಿಗಿಂತ ಪಂದ್ಯವೇ ಸುಮಾರು ಹತ್ತು ವರ್ಷ ಹಿರಿದು. ಆಟದ ಕಡೆ ವಾಲಿದ ಬಣ ಬೇಡವೆಂದು ದೂರ ಉಳಿದ, ಚೊಯ್ ಕಟ್ಟಿದ ಅಂತರರಾಷ್ಟ್ರೀಯ ಟೇಕ್ವಾಂಡೊ ಫೆಡರೇಷನ್ ಅನ್ನೇ ನೋಡಿ. ಸಂಪ್ರದಾಯವಾದಿಗಳು ಇಂದಿಗೂ ಕಣ್ಣಿಗೊತ್ತಿಕೊಳ್ಳುವ ಸಂಸ್ಥೆ ಅದು. 1974ರಲ್ಲಿ ಮಾಂಟ್ರಿಯಲ್‌ನಲ್ಲಿ ಅದೂ ತನ್ನ ವಿಶ್ವ ಚಾಂಪಿಯನ್‌ಷಿಪ್ ನಡೆಸಿತು. ಪಂದ್ಯವಿಲ್ಲದ ಶುದ್ಧ ಟೇಕ್ವಾಂಡೊ ಎಂಬುದು ಇದ್ದ ಕಾಲವಾದರೂ ಯಾವುದು?

ಇದಕ್ಕಿಂತ ಮುಖ್ಯವಾದ ಸಾಕ್ಷಿ ಇನ್ನೊಂದಿದೆ. ಅದಕ್ಕೆ ಇತಿಹಾಸದ ಪುಸ್ತಕವೂ ಬೇಡ, ವರಸೆಗಳನ್ನೇ ನೋಡಿದರೆ ಸಾಕು. ಟೇಕ್ವಾಂಡೊ ಎಂದರೆ ಜಗತ್ತಿಗೆಲ್ಲ ನೆನಪಾಗುವುದು ಕಾಲು. ಸುತ್ತಿ ಬರುವ ಒದೆತ, ಬೆನ್ನು ತಿರುಗಿಸಿ ಹಿಂದಕ್ಕೆ ಹೊಡೆಯುವ ಒದೆತ, ಮೇಲಿಂದ ಕೊಡಲಿಯಂತೆ ಬೀಳುವ ಹಿಮ್ಮಡಿ. ಇವು ಸಂಪ್ರದಾಯದ ವರಸೆಗಳಲ್ಲಿ ಎಲ್ಲಿವೆ? ಚೊಯ್ ಪರಂಪರೆಯ ಮೊದಲ ವರಸೆ ಚೊನ್‌ಜಿಯಲ್ಲಿ 19 ಚಲನೆ, ಒಂದೇ ಒಂದು ಒದೆತವಿಲ್ಲ. ಎರಡನೆಯದಾದ ದಾನ್‌ಗುನ್‌ನಲ್ಲಿ 21 ಚಲನೆ, ಅಲ್ಲೂ ಒದೆತವಿಲ್ಲ. ಕುಕ್ಕಿವಾನ್‌ನ ಮೊದಲ ತೇಗುಕ್‌ನಲ್ಲಿ ಎರಡು ನೇರ ಒದೆತ ಮಾತ್ರ. ಪಂದ್ಯದಲ್ಲಿ ಉಸಿರಿಗೊಮ್ಮೆ ಬರುವ ದೊಲ್ಯೊ ಚಾಗಿ, ಅಂದರೆ ಬದಿಯಿಂದ ಸುತ್ತಿ ಬರುವ ಒದೆತ, ತೇಗುಕ್ ಸರಣಿಯಲ್ಲಿ ಕಾಣಿಸಿಕೊಳ್ಳುವುದು ಆರನೆಯದರಲ್ಲಿ. ಬೆನ್ನು ತಿರುಗಿಸಿ ಒದೆಯುವುದು ಎಂಟರಲ್ಲಿ ಯಾವುದರಲ್ಲೂ ಇಲ್ಲ. ಹಾಗಾದರೆ ಆ ಕಾಲುಗಳು ಬಂದದ್ದು ಎಲ್ಲಿಂದ? ಎದೆಗೆ ಚೆಸ್ಟ್ ಗಾರ್ಡ್ ಕಟ್ಟಿಕೊಂಡು ಪೂರ್ತಿ ಬಲದಿಂದ ಒದೆಯಲು ಅವಕಾಶ ಸಿಕ್ಕ ಕಣದಿಂದ. ಮುಂದೆ ನಿಂತವನು ಹಿಂದೆ ಸರಿಯುತ್ತಾನೆ, ಅವನನ್ನು ಮುಟ್ಟಲು ಸೊಂಟ ಇನ್ನಷ್ಟು ತಿರುಗಬೇಕು. ಅವನು ನುಗ್ಗಿ ಬರುತ್ತಾನೆ, ಅವನನ್ನು ತಡೆಯಲು ಬೆನ್ನು ಕೊಟ್ಟು ಹಿಮ್ಮಡಿ ಚಾಚಬೇಕು. ಹೀಗೆ ಸೋತು, ಮತ್ತೆ ಯತ್ನಿಸಿ, ಹೆಸರು ಗೊತ್ತಿಲ್ಲದ ನೂರಾರು ಹುಡುಗ ಹುಡುಗಿಯರು ಕಂಡುಕೊಂಡ ವಿದ್ಯೆ ಅದು. ಟೇಕ್ವಾಂಡೊವನ್ನು ಕರಾಟೆಯಿಂದ ಬೇರೆ ಮಾಡಿದ್ದೇ ಪಂದ್ಯ. ಪಂದ್ಯ ಅದನ್ನು ಕೆಡಿಸಿತು ಎನ್ನುವವರು ಯಾವ ಒದೆತವನ್ನು ತೋರಿಸಿ ಮಕ್ಕಳನ್ನು ಕ್ಲಾಸಿಗೆ ಕರೆಯುತ್ತಾರೋ ಆ ಒದೆತವನ್ನು ಅವರಿಗೆ ಕೊಟ್ಟದ್ದೂ ಪಂದ್ಯವೇ.

2016ರ ರಿಯೊ ಒಲಿಂಪಿಕ್ಸ್‌ನ 80 ಕೆ.ಜಿ. ಫೈನಲ್ ನೋಡಿದವರಿಗೆ ಈ ಮಾತು ಬೇಗ ಅರ್ಥವಾಗುತ್ತದೆ. ಐವರಿ ಕೋಸ್ಟ್‌ನ ಶೇಕ್ ಸಲ್ಲಾ ಸಿಸ್ಸೆ ಹಿಂದಿದ್ದರು, ಸಮಯ ಮುಗಿದೇ ಹೋಗಿತ್ತು ಎನ್ನಬೇಕು. ಕೊನೆಯ ಸೆಕೆಂಡಿನಲ್ಲಿ ತಿರುಗಿ ಬ್ರಿಟನ್ನಿನ ಲುಟಾಲೊ ಮುಹಮ್ಮದ್ ಅವರ ತಲೆಗೆ ಒದ್ದು ತಮ್ಮ ದೇಶಕ್ಕೆ ಮೊಟ್ಟಮೊದಲ ಒಲಿಂಪಿಕ್ ಚಿನ್ನ ಗೆದ್ದರು. ದಣಿದ ಮೈ, ಮುಗಿಯುತ್ತಿರುವ ಗಡಿಯಾರ, ತನ್ನನ್ನು ಮುಟ್ಟಗೊಡದಿರಲು ವರ್ಷಗಟ್ಟಲೆ ಅಭ್ಯಾಸ ಮಾಡಿದ ಎದುರಾಳಿ. ಇಷ್ಟರ ನಡುವೆ ಒಂದು ಕಾಲು ಸರಿಯಾದ ಜಾಗಕ್ಕೆ ಹೋಗಿ ತಲುಪುವುದನ್ನು ಆಟ ಎಂದು ತಳ್ಳಿಹಾಕುವವರು ವಿದ್ಯೆ ಎಂದು ಇನ್ನು ಯಾವುದನ್ನು ಕರೆಯುತ್ತಾರೆ?

ಎದುರಾಳಿ ಇಲ್ಲದಿದ್ದರೆ ಸಮರಕಲೆಗೆ ಏನಾಗುತ್ತದೆ ಎಂಬುದಕ್ಕೆ ಕೊರಿಯಾದವರೆಗೆ ಹೋಗಬೇಕಿಲ್ಲ. ಬ್ರಹ್ಮಾವರದಿಂದ ತೆಂಕಕ್ಕೆ ತುಳುನಾಡಿನುದ್ದಕ್ಕೂ ಗರಡಿಗಳಿವೆ. ಕೋಟಿ ಚೆನ್ನಯರು ಅಲ್ಲಿ ನೆಲೆಸಿದ್ದಾರೆ. ನೇಮ ನಡೆಯುತ್ತದೆ, ಸುರಿಗೆಗೆ ಪೂಜೆ ಸಲ್ಲುತ್ತದೆ, ಊರು ಕೈಮುಗಿಯುತ್ತದೆ. ಅದರ ಪಾವಿತ್ರ್ಯವನ್ನು ನಾನು ಪ್ರಶ್ನಿಸುತ್ತಿಲ್ಲ, ನಾನೂ ಕೈಮುಗಿಯುವವನೇ. ಆದರೆ ಗರಡಿ ಎಂದರೆ ಮೊದಲಿಗೆ ಸಾಧನೆ ಮಾಡುವ ಜಾಗ. ಆ ಸಾಧನೆ ಇಂದು ಹೆಚ್ಚಿನ ಗರಡಿಗಳಲ್ಲಿ ಇಲ್ಲ. ಆಯುಧ ಉಳಿದಿದೆ, ಹೆಸರು ಉಳಿದಿದೆ, ಭಕ್ತಿ ಉಳಿದಿದೆ, ಅದನ್ನು ಬಳಸುತ್ತಿದ್ದ ಮೈ ಉಳಿದಿಲ್ಲ. ಈಗ ಘಟ್ಟ ಹತ್ತಿ ಮೈಸೂರಿನ ಗರಡಿಗಳಿಗೆ ಹೋಗಿ. ಅಲ್ಲೂ ಪೂಜೆಯಿದೆ, ಮಟ್ಟಿಯನ್ನು ಹಣೆಗಿಟ್ಟುಕೊಳ್ಳದೆ ಯಾರೂ ಇಳಿಯುವುದಿಲ್ಲ. ಆದರೆ ಪ್ರತಿ ವರ್ಷ ದಸರಾ ಬರುತ್ತದೆ. ಅದಕ್ಕೆ ಮುಂಚೆ ಪೈಲ್ವಾನರ ಜೋಡಿ ಕಟ್ಟುತ್ತಾರೆ, ಸಾವಿರಾರು ಜನರ ಎದುರು ನಾಡಕುಸ್ತಿ ನಡೆಯುತ್ತದೆ, ಯಾರ ಬೆನ್ನು ನೆಲಕ್ಕೆ ತಾಗಿತು ಎಂಬುದು ಊರಿಗೆಲ್ಲ ಗೊತ್ತಾಗುತ್ತದೆ. ಆ ಒಂದು ಭಯ, ಆ ಒಂದು ಆಸೆ ವರ್ಷವಿಡೀ ಬೆಳಗಿನ ಜಾವ ಹುಡುಗರನ್ನು ಗರಡಿಗೆ ಎಬ್ಬಿಸುತ್ತದೆ. ಅಲ್ಲಿ ಸಂಪ್ರದಾಯ ಬದುಕಿದ್ದು ಪಂದ್ಯದ ಬಲದಿಂದ. ಮಲ್ಲಯುದ್ಧವನ್ನು ಕುಸ್ತಿಪಂದ್ಯ ಹಾಳುಮಾಡಿತು ಎಂದು ಮೈಸೂರಿನ ಯಾವ ಉಸ್ತಾದನೂ ಹೇಳಲಾರ. ಅವನಿಗೆ ಆ ಯೋಚನೆಯೇ ಬರುವುದಿಲ್ಲ.

ಜಪಾನಿನಲ್ಲಿ ಈ ಪ್ರಶ್ನೆ 1880ರ ದಶಕದಲ್ಲೇ ಎದ್ದು ತೀರ್ಮಾನವೂ ಆಗಿತ್ತು. ಕಾನೊ ಜಿಗೊರೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ತೆರೆದಾಗ ಹಳೆಯ ಜುಜುತ್ಸು ಶಾಲೆಗಳಲ್ಲಿ ಕಣ್ಣು ಕೀಳುವ, ಗಂಟು ಮುರಿಯುವ ಅತಿ ಅಪಾಯದ ಪಟ್ಟುಗಳಿದ್ದವು. ಅಪಾಯದವು ಎಂಬ ಕಾರಣಕ್ಕೇ ಅವನ್ನು ಯಾರ ಮೇಲೂ ಪೂರ್ತಿ ಬಲದಿಂದ ಪ್ರಯೋಗಿಸುವಂತಿರಲಿಲ್ಲ, ವರಸೆಯಾಗಿ ಒಪ್ಪಿಸಬೇಕಿತ್ತು ಅಷ್ಟೆ. ಕಾನೊ ಅಂಥವನ್ನು ಬದಿಗಿಟ್ಟು, ಎದುರಾಳಿ ಪೂರ್ತಿ ಪ್ರತಿರೋಧ ಒಡ್ಡಿದರೂ ಗಾಯವಿಲ್ಲದೆ ದಿನವೂ ಮಾಡಬಹುದಾದ ಪಟ್ಟುಗಳನ್ನು ಉಳಿಸಿಕೊಂಡರು. ಟೋಕಿಯೊ ಪೊಲೀಸರ ಪಂದ್ಯಗಳಲ್ಲಿ ಹಳೆಯ ಶಾಲೆಯವರನ್ನು ಗೆದ್ದದ್ದು ಅವರ ಶಿಷ್ಯರು. ಮಾರಕ ಪಟ್ಟನ್ನು ಗಾಳಿಯಲ್ಲಿ ಮಾಡಿದವನಿಗಿಂತ, ಸಾಧಾರಣ ಪಟ್ಟನ್ನು ದಿನವೂ ಒಪ್ಪದವನ ಮೇಲೆ ಮಾಡಿದವನು ಬಲಶಾಲಿ ಎಂದು ಅಂದೇ ತಿಳಿಯಿತು. ನೂರನಲವತ್ತು ವರ್ಷದ ಮೇಲೆ ನಾವು ಇನ್ನೂ ‘ನಮ್ಮದು ಬಹಳ ಡೇಂಜರ್, ಅದಕ್ಕೇ ಪಂದ್ಯದಲ್ಲಿ ಬಳಸುವುದಿಲ್ಲ’ ಎಂಬ ಸಬೂಬನ್ನು ನಂಬುತ್ತಿದ್ದೇವೆ.

ಸಂಪ್ರದಾಯದ ಕಡೆಯವರ ಗಟ್ಟಿಯಾದ ವಾದವನ್ನು ಈಗ ಎತ್ತಿಕೊಳ್ಳುತ್ತೇನೆ, ಏಕೆಂದರೆ ಅದರಲ್ಲಿ ನಿಜವಿದೆ. ಒಲಿಂಪಿಕ್ ನಿಯಮದಲ್ಲಿ ಮುಖಕ್ಕೆ ಗುದ್ದುವಂತಿಲ್ಲ, ಕಾಲಿಗೆ ಒದೆಯುವಂತಿಲ್ಲ, ಹಿಡಿದು ಕೆಡಹುವಂತಿಲ್ಲ. ಎದೆಗೆ ಬಿದ್ದ ಗುದ್ದಿಗೆ 1 ಅಂಕ, ಒದೆತಕ್ಕೆ 2, ತಲೆಗೆ ಒದ್ದರೆ 3, ತಿರುಗಿ ಎದೆಗೆ ಒದ್ದರೆ 4, ತಿರುಗಿ ತಲೆಗೆ ಒದ್ದರೆ 5. ಹೀಗಾಗಿ ಆಟಗಾರರ ಕೈ ಕೆಳಗಿಳಿಯುತ್ತದೆ, ಮುಖ ತೆರೆದುಕೊಳ್ಳುತ್ತದೆ. ಎಲೆಕ್ಟ್ರಾನಿಕ್ ಚೆಸ್ಟ್ ಗಾರ್ಡ್ ಬಂದ ಮೇಲೆ ಮುಂಗಾಲನ್ನು ಎತ್ತಿ ಹಿಡಿದು ಕತ್ತಿಯಂತೆ ಆಡಿಸುತ್ತಾ ಸೆನ್ಸರಿಗೆ ತಾಗಿಸುವುದೇ ಜಾಣತನವಾಯಿತು. ನೋಡಲು ಬೇಸರ, ಒಪ್ಪುತ್ತೇನೆ. ರಸ್ತೆಯಲ್ಲಿ ಯಾರಾದರೂ ಮುಖಕ್ಕೆ ಗುದ್ದಿದರೆ ಈ ಆಟಗಾರನ ಗತಿಯೇನು ಎಂದು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ.

ಅದೇ ಪ್ರಶ್ನೆಯನ್ನು ವರಸೆ ಮಾತ್ರ ಕಲಿತವನಿಗೂ ಕೇಳಬೇಕಲ್ಲ. ಸಂಪ್ರದಾಯದ ತರಗತಿಯಲ್ಲಿ ಮುಖದ ಗುದ್ದನ್ನು ತಡೆಯುವುದು ಹೇಗೆ ಕಲಿಸುತ್ತಾರೆ? ಜೊತೆಗಾರ ದೂರದಲ್ಲಿ ನಿಂತು, ಕೂಗಿ ತಿಳಿಸಿ, ಉದ್ದದ ಹೆಜ್ಜೆಯಿಟ್ಟು ಒಂದು ಗುದ್ದು ಚಾಚುತ್ತಾನೆ, ಚಾಚಿದ ಕೈಯನ್ನು ಹಾಗೆಯೇ ಬಿಟ್ಟು ನಿಲ್ಲುತ್ತಾನೆ. ಕಲಿಯುವವನು ಒಂದು ಕೈ ಸೊಂಟದಲ್ಲಿಟ್ಟು ಇನ್ನೊಂದರಿಂದ ಮೇಲೆ ತಡೆದು, ತಿರುಗಿ ಮೂರು ಏಟು ಕೊಡುತ್ತಾನೆ. ಕುಂದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಕುಡಿದು ಜಗಳಕ್ಕೆ ಬಂದವನು ಹೀಗೆ ಕೈ ಚಾಚಿ ನಿಂತುಕೊಳ್ಳುತ್ತಾನೆಯೇ? ಪಂದ್ಯದ ಹುಡುಗಿಗೆ ಮುಖದ ಗುದ್ದಿನ ಅಭ್ಯಾಸವಿಲ್ಲ, ಸರಿ. ಆದರೆ ತನ್ನತ್ತ ವೇಗವಾಗಿ ಬರುವ ಮನುಷ್ಯನ ದೂರ ಅವಳಿಗೆ ಗೊತ್ತು. ಹೊಡೆತ ಬಿದ್ದರೆ ಉಸಿರು ಕಟ್ಟುತ್ತದೆ, ಕಣ್ಣು ಮಂಜಾಗುತ್ತದೆ, ಆಮೇಲೂ ಕಾಲು ಆಡಿಸಬಹುದು ಎಂಬುದು ಗೊತ್ತು. ಎದೆ ಡವಗುಟ್ಟುವಾಗ ಕೈಕಾಲು ಮರಗಟ್ಟದಿರುವುದು ಗೊತ್ತು. ಅವಳಿಗೆ ಬಾಕ್ಸಿಂಗ್ ಗ್ಲವ್ಸ್ ಕೊಟ್ಟು ಕೈ ಮೇಲೆತ್ತಲು ಕಲಿಸುವುದು ದೊಡ್ಡ ಕೆಲಸವಲ್ಲ. ಯಾರಿಂದಲೂ ಒಂದು ಪೆಟ್ಟನ್ನೂ ತಿನ್ನದೆ ಬೆಲ್ಟ್ ಮೇಲೆ ಬೆಲ್ಟ್ ಕಟ್ಟಿಸಿಕೊಂಡವನಿಗೆ ಮೊದಲ ಪಾಠದಿಂದ ಶುರು ಮಾಡಬೇಕು, ಅದಕ್ಕೂ ಮುಂಚೆ ತನಗೆ ಗೊತ್ತಿದೆ ಎಂಬ ಅವನ ನಂಬಿಕೆಯನ್ನು ಬಿಡಿಸಬೇಕು. ಗಂಗೊಳ್ಳಿ ಅಳಿವೆಯಲ್ಲಿ ತೆರೆ ಎದ್ದಾಗ ದೋಣಿ ದಾಟಿಸಿದವನ ಮಾತಿಗೂ ದಡದಲ್ಲಿ ಹುಟ್ಟು ಹಿಡಿದು ತೋರಿಸಿದವನ ಮಾತಿಗೂ ನಮ್ಮ ಊರಿನವರು ಒಂದೇ ಬೆಲೆ ಕೊಡುವುದಿಲ್ಲ. ಇಲ್ಲಿ ಯಾಕೆ ಕೊಡುತ್ತಾರೆ?

ನಿಯಮದ ದೋಷಗಳ ಬಗ್ಗೆ ಇನ್ನೊಂದು ಮಾತು. 2008ರ ಬೀಜಿಂಗ್ ಒಲಿಂಪಿಕ್ಸ್ ಟೇಕ್ವಾಂಡೊದ ಮಾನ ಕಳೆದ ಕೂಟ. ತೀರ್ಪುಗಾರರು ಗುಂಡಿ ಒತ್ತಿ ಅಂಕ ಕೊಡುತ್ತಿದ್ದ ಕಾಲ. ಬ್ರಿಟನ್ನಿನ ಸಾರಾ ಸ್ಟೀವನ್‌ಸನ್ ಚೀನಾದ ಚೆನ್ ಝೋಂಗ್ ಅವರ ತಲೆಗೆ ಒದ್ದದ್ದು ತೀರ್ಪುಗಾರರಿಗೆ ಕಾಣಲಿಲ್ಲ. ಪ್ರತಿಭಟನೆಯ ನಂತರ ಫಲಿತಾಂಶವನ್ನೇ ತಿರುಗಿಸಬೇಕಾಯಿತು. ಕ್ಯೂಬಾದ ಆಂಜೆಲ್ ಮಾಟೊಸ್ ಸಿಟ್ಟಿನಿಂದ ರೆಫ್ರಿಯ ಮುಖಕ್ಕೇ ಒದ್ದು ಆಜೀವ ನಿಷೇಧಕ್ಕೊಳಗಾದರು. ನಾಲ್ಕೇ ವರ್ಷದಲ್ಲಿ, 2012ರ ಲಂಡನ್‌ಗೆ, ಎಲೆಕ್ಟ್ರಾನಿಕ್ ಗಾರ್ಡೂ ವಿಡಿಯೊ ಮರುಪರಿಶೀಲನೆಯೂ ಬಂದವು. ಆ ಕೂಟದ ಎಂಟು ಚಿನ್ನ ಎಂಟು ಬೇರೆ ಬೇರೆ ದೇಶಗಳಿಗೆ ಹೋದವು. ಗಾರ್ಡಿನಿಂದ ಕಾಲೆತ್ತಿ ನಿಲ್ಲುವ ಚಾಳಿ ಬೆಳೆದಾಗ 2017ರ ನಿಯಮ ಅದಕ್ಕೆ ದಂಡ ಹಾಕಿತು. ಒಂದು ಸುತ್ತಿನಲ್ಲಿ ಅಂಕ ಪೇರಿಸಿಕೊಂಡು ಉಳಿದೆರಡರಲ್ಲಿ ಓಡಾಡುವುದು ಹೆಚ್ಚಾದಾಗ, 2022ರಿಂದ ಮೂರರಲ್ಲಿ ಎರಡು ಸುತ್ತು ಗೆಲ್ಲಬೇಕೆಂದಾಯಿತು. ಇವೆಲ್ಲ ಸಂಪೂರ್ಣ ಸರಿಹೋದವು ಎಂದು ನಾನು ಹೇಳುತ್ತಿಲ್ಲ. ಆದರೆ ಪಂದ್ಯ ತಪ್ಪು ಮಾಡಿದರೆ ಅದು ಸಾವಿರ ಕಣ್ಣಿಗೆ ಬೀಳುತ್ತದೆ, ಜಗಳವಾಗುತ್ತದೆ, ತಿದ್ದಲೇಬೇಕಾಗುತ್ತದೆ. ಸಭಾಭವನದ ಮುಚ್ಚಿದ ಬಾಗಿಲ ಹಿಂದೆ ಮಾಸ್ಟ್ರು ಕಲಿಸಿದ ತಪ್ಪು ತಡೆ ಮೂವತ್ತು ವರ್ಷ ತಪ್ಪಾಗಿಯೇ ಇರಬಹುದು. ಅದನ್ನು ತಪ್ಪೆಂದು ತೋರಿಸಿಕೊಡುವ ಗಳಿಗೆಯೇ ಅಲ್ಲಿ ಬರುವುದಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಟೇಕ್ವಾಂಡೊದ ತವರಾದ ಕೊರಿಯಾಕ್ಕೆ ಒಂದೂ ಚಿನ್ನ ಸಿಗಲಿಲ್ಲ. ಎಷ್ಟೇ ದೊಡ್ಡ ಪರಂಪರೆಯವರಾದರೂ ಕಣದಲ್ಲಿ ಸೋಲಬೇಕಾಗುತ್ತದೆ.

ಈಗ ಹೆಣ್ಣುಮಕ್ಕಳ ವಿಷಯ. ನನ್ನ ಸಿಟ್ಟಿನ ಮೂಲ ಇದೇ. ಸಮಗ್ರ ಶಿಕ್ಷಣದಡಿ ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ ಸರ್ಕಾರಿ ಶಾಲೆಯ ಹುಡುಗಿಯರಿಗೆ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ನಡೆಯುತ್ತದೆ. ರಾಜ್ಯದಲ್ಲಿ ಓಬವ್ವನ ಹೆಸರಿನಲ್ಲೂ ವಸತಿ ನಿಲಯದ ಹುಡುಗಿಯರಿಗೆ ತರಬೇತಿಯಿದೆ. ಉದ್ದೇಶ ದೊಡ್ಡದು, ಹಣವೂ ಖರ್ಚಾಗುತ್ತದೆ. ಆದರೆ ಸಾಮಾನ್ಯವಾಗಿ ಅಲ್ಲಿ ಕಲಿಸುವುದು ಏನು? ಸಾಲಾಗಿ ನಿಲ್ಲಿಸಿ ಗಾಳಿಗೆ ಗುದ್ದಿಸುವುದು, ಗಾಳಿಗೆ ಒದೆಸುವುದು, ಒಂದೆರಡು ವರಸೆ. ಕೊನೆಯ ದಿನ ಅತಿಥಿಗಳ ಎದುರು ಹಂಚು ಒಡೆಯುವ ಪ್ರದರ್ಶನ. ಮರವಂತೆ, ತ್ರಾಸಿಯ ಕಡಲ ದಂಡೆಗೆ ಕರೆದೊಯ್ದು, ಹಿಂದೆ ತೆರೆ, ಮುಂದೆ ಬಿಳಿ ಬಟ್ಟೆಯ ಹುಡುಗಿಯರ ಕಾಲುಗಳು ಒಂದೇ ಎತ್ತರದಲ್ಲಿ ಕಾಣುವ ಫೋಟೊ. ಅದು ಮರುದಿನ ಪತ್ರಿಕೆಯಲ್ಲಿ ಬರುತ್ತದೆ. ನಮ್ಮ ಹುಡುಗಿ ಈಗ ತನ್ನನ್ನು ತಾನು ಕಾಯ್ದುಕೊಳ್ಳಬಲ್ಲಳು ಎಂದು ಮನೆಯವರು ನಿಶ್ಚಿಂತರಾಗುತ್ತಾರೆ. ಆ ಮೂರು ತಿಂಗಳಲ್ಲಿ ಅವಳ ಮಣಿಕಟ್ಟನ್ನು ಬಿಡದಂತೆ ಹಿಡಿದವರು ಯಾರೂ ಇಲ್ಲ. ಅವಳು ಒಮ್ಮೆಯೂ ನೆಲಕ್ಕೆ ಬಿದ್ದು ಮೇಲೆದ್ದಿಲ್ಲ. ಇದನ್ನು ಆತ್ಮರಕ್ಷಣೆ ಎಂದು ಕರೆದು ಒಂದು ಹದಿನಾಲ್ಕರ ಹುಡುಗಿಯ ಕೈಗೆ ಪ್ರಮಾಣಪತ್ರ ಕೊಡುವುದು ಅವಳನ್ನು ಅಪಾಯಕ್ಕೆ ದೂಡಿದಂತೆ. ನನಗಂತೂ ಇದಕ್ಕಿಂತ ಮೆತ್ತಗೆ ಹೇಳಲಾಗದು.

ಆತ್ಮರಕ್ಷಣೆಯೇ ಗುರಿಯಾದರೆ ಅದಕ್ಕೆ ಬೇರೆ ಪಾಠವಿದೆ. ಅದು ವರಸೆಯೂ ಅಲ್ಲ, ಪಂದ್ಯವೂ ಅಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಗಳಲ್ಲಿ ವರ್ಷ ವರ್ಷವೂ ಅತ್ಯಾಚಾರ ಪ್ರಕರಣಗಳ ಶೇ 90ಕ್ಕೂ ಹೆಚ್ಚಿನವುಗಳಲ್ಲಿ ಆರೋಪಿ ಪರಿಚಿತನೇ. ಸಂಬಂಧಿ, ನೆರೆಯವ, ಸ್ನೇಹಿತ, ಕೆಲಸ ಕೊಟ್ಟವ. ಅಪರಿಚಿತನೊಬ್ಬ ಕತ್ತಲಲ್ಲಿ ಎದುರಿಂದ ಬಂದು ಗುದ್ದುತ್ತಾನೆ ಎಂಬ ಕಲ್ಪನೆಯ ಮೇಲೆ ನಿಂತ ತರಬೇತಿಗೆ ಈ ನಿಜ ತಟ್ಟಿಯೇ ಇಲ್ಲ. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಶಾರ್ಲೀನ್ ಸೆನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. 893 ವಿದ್ಯಾರ್ಥಿನಿಯರು ಭಾಗವಹಿಸಿದ್ದರು. ಒಂದು ಗುಂಪಿಗೆ 12 ಗಂಟೆಗಳ ತರಬೇತಿ: ಪರಿಚಿತನಿಂದ ಬರುವ ಅಪಾಯವನ್ನು ಗುರುತಿಸುವುದು, ದಾಕ್ಷಿಣ್ಯ ಬಿಟ್ಟು ಬೇಡ ಎನ್ನುವುದು, ಕೂಗುವುದು, ಮೈಯಿಂದ ಪ್ರತಿರೋಧಿಸುವುದು. ಒಂದು ವರ್ಷದ ನಂತರ ನೋಡಿದರೆ, ಅತ್ಯಾಚಾರಕ್ಕೆ ಒಳಗಾದವರ ಪ್ರಮಾಣ ಕೈಪಿಡಿ ಮಾತ್ರ ಕೊಟ್ಟ ಗುಂಪಿನಲ್ಲಿ ಶೇ 9.8 ಇದ್ದರೆ ತರಬೇತಿ ಪಡೆದವರಲ್ಲಿ ಶೇ 5.2 ಇತ್ತು. ಹನ್ನೆರಡೇ ಗಂಟೆ. ಆ ಪಾಠದಲ್ಲಿ ಬೆಲ್ಟಿಲ್ಲ, ವರಸೆಯಿಲ್ಲ. ನಮ್ಮ ಶಾಲೆಗಳಿಗೆ ಬೇಕಾದದ್ದು ಅದು. ಪಂದ್ಯದ ಟೇಕ್ವಾಂಡೊ ತಾನು ಆತ್ಮರಕ್ಷಣೆ ಎಂದು ಹೇಳಿಕೊಳ್ಳುವುದಿಲ್ಲ, ಇದು ಕ್ರೀಡೆ, ಇದರ ನಿಯಮ ಇಷ್ಟು ಎಂದು ನೇರವಾಗಿ ಹೇಳುತ್ತದೆ. ಸಂಪ್ರದಾಯದ ಹೆಸರಿನ ತರಬೇತಿ ಕೊಡಲಾಗದ್ದನ್ನು ಕೊಡುತ್ತೇನೆಂದು ಹೇಳುತ್ತದೆ. ಇವೆರಡರಲ್ಲಿ ಯಾವುದು ಪ್ರಾಮಾಣಿಕ?

ಶಿಸ್ತು, ವಿನಯ, ಸಂಸ್ಕಾರ ಸಂಪ್ರದಾಯದಲ್ಲೇ ಇದೆ ಎನ್ನುವುದು ಉಳಿದ ವಾದ. ಬಾಗಿ ನಮಸ್ಕರಿಸುವುದರಿಂದ ವಿನಯ ಬರುತ್ತದೆ ಎಂದು ನಾನು ನಂಬುವುದಿಲ್ಲ. ಸೋತು ಎದ್ದು, ಗೆದ್ದವಳ ಕೋಚಿನ ಬಳಿಗೆ ಹೋಗಿ ಕೈಕುಲುಕಿ ಬರುವಾಗ ಅದು ಬರುತ್ತದೆ. ಟೇಕ್ವಾಂಡೊ ಪಂದ್ಯದಲ್ಲಿ ಈ ಪದ್ಧತಿ ಇದೆ, ನೋಡಿದವರಿಗೆ ಗೊತ್ತು. ಅಫ್ಗಾನಿಸ್ತಾನದ ರೊಹುಲ್ಲಾ ನಿಕ್ಪಾಯ್ ಇರಾನಿನ ನಿರಾಶ್ರಿತರ ನಡುವೆ ಟೇಕ್ವಾಂಡೊ ಆಡಿಕೊಂಡು ಬೆಳೆದು 2008ರಲ್ಲಿ ತನ್ನ ದೇಶಕ್ಕೆ ಮೊದಲ ಒಲಿಂಪಿಕ್ ಪದಕ ತಂದಾಗ ಯುದ್ಧದಿಂದ ಚೂರಾದ ನಾಡು ಒಂದು ದಿನದ ಮಟ್ಟಿಗಾದರೂ ಒಟ್ಟಾಗಿ ಕುಣಿಯಿತು. ಇರಾನಿನ ಕಿಮಿಯಾ ಅಲಿಜಾದೆ 2016ರಲ್ಲಿ ತನ್ನ ದೇಶದ ಮಹಿಳೆಯೊಬ್ಬಳ ಮೊದಲ ಒಲಿಂಪಿಕ್ ಪದಕ ಗೆದ್ದರು. ನಮ್ಮ ಹರಿಯಾಣದ ಅರುಣಾ ತನ್ವರ್ ಟೋಕಿಯೊ ಪ್ಯಾರಾಲಿಂಪಿಕ್ಸ್‌ನ ಟೇಕ್ವಾಂಡೊ ಕಣಕ್ಕೆ ಇಳಿದ ಮೊದಲ ಭಾರತೀಯರಾದರು. ಇವರಿಗೆ ಶಿಸ್ತು ಎಲ್ಲಿಂದ ಬಂತು ಎಂದು ಕೇಳುವ ಅಗತ್ಯವಿದೆಯೇ? ಭಾರತದಿಂದ ಒಲಿಂಪಿಕ್ಸ್‌ನ ಟೇಕ್ವಾಂಡೊಗೆ ಪ್ಯಾರಿಸ್‌ವರೆಗೂ ಯಾರೂ ಅರ್ಹತೆ ಪಡೆಯಲಿಲ್ಲ. ಅದಕ್ಕೆ ಕಾರಣ ಸಂಘ ಸಂಘಗಳ ನಡುವಿನ ಕಿತ್ತಾಟ, ಕೋರ್ಟು ಕಚೇರಿ. ಪಂದ್ಯ ಹೆಚ್ಚಾದದ್ದಲ್ಲ, ನಿಜವಾದ ಪಂದ್ಯ ಕಡಿಮೆಯಾದದ್ದು.

‘ನಿಜವಾದ’ ಎಂದು ಹೇಳಿದ್ದು ಬೇಕೆಂದೇ. ಒಂದು ವಿಭಾಗಕ್ಕೆ ಇಬ್ಬರೇ ಮಕ್ಕಳನ್ನು ಇಟ್ಟು, ಬಂದವರಿಗೆಲ್ಲ ಪದಕ ಕೊಟ್ಟು, ಪ್ರವೇಶ ಶುಲ್ಕದಲ್ಲಿ ನಡೆಯುವ ಖಾಸಗಿ ಕೂಟಗಳನ್ನು ನಾನು ಸಮರ್ಥಿಸಲಾರೆ. ಆದರೆ ಅವುಗಳ ಬೇರು ಬೆಲ್ಟಿನ ವ್ಯಾಪಾರದಲ್ಲಿದೆ. ಮೂರು ತಿಂಗಳಿಗೊಂದು ಬೆಲ್ಟ್ ಟೆಸ್ಟ್, ಪ್ರತಿ ಟೆಸ್ಟಿಗೆ ಶುಲ್ಕ, ಫೇಲಾಗುವವರೇ ಇಲ್ಲ, ಮೂರನೇ ಕ್ಲಾಸಿನ ಮಗುವಿಗೆ ಬ್ಲ್ಯಾಕ್ ಬೆಲ್ಟ್. ಕುಕ್ಕಿವಾನ್ ಕೂಡ ಹದಿನೈದರ ಒಳಗಿನವರಿಗೆ ಬ್ಲ್ಯಾಕ್ ಬೆಲ್ಟಿನ ಡಾನ್ ದರ್ಜೆ ಕೊಡುವುದಿಲ್ಲ, ಪೂಮ್ ಎಂದು ಕೊಟ್ಟು ಕೆಂಪು ಕಪ್ಪಿನ ಬೆಲ್ಟ್ ಕಟ್ಟಿಸುತ್ತದೆ. ವರಸೆಯನ್ನೇ ಪರೀಕ್ಷೆಯಾಗಿಸಿದಾಗ ಈ ವ್ಯಾಪಾರ ಸುಲಭ. ವರಸೆಯಲ್ಲಿ ಸೋಲುವುದು ಕಷ್ಟ, ಎದುರಿಗೆ ಯಾರೂ ಇರುವುದಿಲ್ಲ. ಹಾಗಾದರೆ ವರಸೆ ಬೇಡವೇ? ಬೇಕು. ಐವತ್ತು ದಾಟಿದವರಿಗೆ ಅದು ಒಳ್ಳೆಯ ವ್ಯಾಯಾಮ, ಮೈಯ ತೂಕವನ್ನು ಕಾಲಿಂದ ಕಾಲಿಗೆ ಸಾಗಿಸುವ ಪಾಠ. ಅದನ್ನೂ ಚೊಕ್ಕವಾಗಿಸಿದ್ದು ಪಂದ್ಯವೇ ಎಂಬುದನ್ನು ಮರೆಯಬಾರದು. 2006ರಿಂದ ಪೂಮ್ಸೆಗೆ ವಿಶ್ವ ಚಾಂಪಿಯನ್‌ಷಿಪ್ ಇದೆ, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲೂ ಅದಕ್ಕೆ ಪದಕವಿತ್ತು.

ಪಂದ್ಯದ ಕಡೆಯವರೂ ಎರಡು ವಿಷಯದಲ್ಲಿ ತಕ್ಷಣ ಕೈ ಹಾಕಬೇಕು. ತೂಕದ ವಿಭಾಗಕ್ಕೆ ಇಳಿಸಲು ಬೆಳೆಯುವ ಮಕ್ಕಳನ್ನು ಉಪವಾಸ ಕೆಡಹುವುದು ನಿಲ್ಲಬೇಕು. ಹನ್ನೆರಡರ ಹುಡುಗನಿಗೆ ಊಟ ಬಿಡಿಸಿ ಗೆದ್ದ ಪದಕ ಯಾರಿಗೂ ಬೇಡ. ಎರಡನೆಯದು ತಲೆ. ತಲೆಗೆ ಬಿದ್ದ ಒದೆತಕ್ಕೆ ಹೆಚ್ಚು ಅಂಕ ಎಂಬ ನಿಯಮ ವಯಸ್ಕರಿಗೆ ಇರಲಿ. ಹೆಲ್ಮೆಟ್ ಚರ್ಮ ಹರಿಯುವುದನ್ನು ತಪ್ಪಿಸುತ್ತದೆ, ಒಳಗಿನ ಮಿದುಳು ಅಲುಗುವುದನ್ನು ಪೂರ್ತಿ ತಪ್ಪಿಸುವುದಿಲ್ಲ. ಪ್ಯಾರಾ ಟೇಕ್ವಾಂಡೊದಲ್ಲಿ ತಲೆಗೆ ಒದೆಯುವುದು ನಿಷಿದ್ಧ, ಆದರೂ ಅಲ್ಲಿನ ಆಟ ಯಾವುದರಲ್ಲೂ ಕಡಿಮೆಯಿಲ್ಲ. ನಮ್ಮ ಶಾಲಾ ಕೂಟಗಳಲ್ಲಿ ಚಿಕ್ಕ ಮಕ್ಕಳಿಗೆ ಅದೇ ನಿಯಮ ತರಲು ಟೇಕ್ವಾಂಡೊದ ವಿಶ್ವಮಟ್ಟದ ಸಂಘದ ಅಪ್ಪಣೆ ಬೇಕಿಲ್ಲ, ತಾಲ್ಲೂಕು ಮಟ್ಟದಲ್ಲಿ ಕೂತು ಮಾತಾಡುವ ನಾಲ್ಕು ಮಾಸ್ಟ್ರುಗಳು ಸಾಕು.

ಆ ನಾಲ್ವರು ಕೂತಾಗ ಇನ್ನಷ್ಟನ್ನೂ ತೀರ್ಮಾನಿಸಬಹುದು. ಪ್ರತಿ ತರಗತಿಯಲ್ಲಿ ಮೂರನೇ ಒಂದು ಭಾಗವಾದರೂ ತಪ್ಪಿಸಿಕೊಳ್ಳುವ, ತಿರುಗಿ ಒದೆಯುವ ಜೊತೆಗಾರನ ಎದುರು ಕಳೆಯಬೇಕು. ಬೆಲ್ಟ್ ಟೆಸ್ಟಿನಲ್ಲಿ ಬೇರೆ ಊರಿನ ಕ್ಲಾಸಿನವರೊಂದಿಗೆ ಒಂದು ಸುತ್ತಾದರೂ ಸ್ಪಾರಿಂಗ್ ಇರಬೇಕು, ಮರವಂತೆಯವರು ಬೈಂದೂರಿನವರೊಡನೆ, ಹೆಮ್ಮಾಡಿಯವರು ಬ್ರಹ್ಮಾವರದವರೊಡನೆ. ಟೆಸ್ಟ್ ನಡೆಸುವವರು ತಮ್ಮದೇ ಮಾಸ್ಟ್ರು ಆಗಿರಬಾರದು. ಚೆಸ್ಟ್ ಗಾರ್ಡ್, ಹೆಲ್ಮೆಟ್ ದುಬಾರಿ ಎನ್ನುವುದು ನಿಜ. ಆದ್ದರಿಂದಲೇ ಅವನ್ನು ಊರೂರಿನ ನಡುವೆ ಹಂಚಿಕೊಳ್ಳಬೇಕು. ಶಾಲೆಯ ಮೂರು ತಿಂಗಳ ತರಬೇತಿಗೆ ಹೋಗುವ ಮಾಸ್ಟ್ರುಗಳು ಗಾಳಿಗೆ ಗುದ್ದಿಸುವುದನ್ನು ಬಿಟ್ಟು, ಕೂಗಲು, ಬಿಡಿಸಿಕೊಳ್ಳಲು, ಬಿದ್ದು ಏಳಲು ಕಲಿಸಬೇಕು. ಪರಿಚಿತರ ಬಗ್ಗೆ ಮಾತಾಡಲು ಒಬ್ಬ ಶಿಕ್ಷಕಿಯನ್ನು ಜೊತೆಗೆ ಕೂರಿಸಿಕೊಳ್ಳಬೇಕು. ಹೆತ್ತವರಿಗೆ ಇಷ್ಟೇ ಬಿನ್ನಹ: ಮುಂದಿನ ಬೆಲ್ಟ್ ಟೆಸ್ಟಿನ ಶುಲ್ಕ ಕೊಡುವ ಮುಂಚೆ, ಈ ಮೂರು ತಿಂಗಳಲ್ಲಿ ನಮ್ಮ ಮಗಳು ಯಾರ ಎದುರು ನಿಂತಿದ್ದಾಳೆ, ಯಾರಿಗೆ ಸೋತಿದ್ದಾಳೆ, ಆಮೇಲೆ ಏನು ತಿದ್ದಿಕೊಂಡಿದ್ದಾಳೆ ಎಂದು ಮಾಸ್ಟ್ರನ್ನು ಕೇಳಿ. ಉತ್ತರ ಸಿಗದಿದ್ದರೆ ಶುಲ್ಕ ಕೊಡಬೇಡಿ.